ಅಪ್ಪ ಅಮ್ಮನ 40ನೇ ವಿವಾಹ ವಾರ್ಷಿಕೋತ್ಸವಕ್ಕೆ ಮನೆಯಂಗಳದಲ್ಲಿ ಹಿಬಾಚಿ: ಅನುಭವ ಇದ್ದವರು ತಿಳಿಸಿ

ಬಿಜೈ ಅಂಗಳ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ನನ್ನ ಅಪ್ಪ ಅಮ್ಮನ ಮದುವೆಗೆ 40 ವರ್ಷ ತುಂಬುತ್ತದೆ. ತಂಗಿಯ ಸಂಸಾರ ನ್ಯೂಜೆರ್ಸಿಯಿಂದ ಬರುತ್ತಿದೆ. ಅಲ್ಲಿ ಹುಟ್ಟುಹಬ್ಬಕ್ಕೆ ಬಾಣಸಿಗನೇ ದೊಡ್ಡ ಕಬ್ಬಿಣದ ತಟ್ಟೆ, ಗ್ಯಾಸ್ ಒಲೆ ಎಲ್ಲವನ್ನೂ ಮನೆಗೆ ತಂದು, ಸುತ್ತ ಕುಳಿತವರ ಕಣ್ಣೆದುರೇ ಸೀಗಡಿ, ಕೋಳಿ, ತರಕಾರಿ, ಅನ್ನ ಹುರಿದು ಬಡಿಸುತ್ತಾನಂತೆ. ಅದಕ್ಕೆ ಹಿಬಾಚಿ ಎನ್ನುತ್ತಾರೆ. ಅಜ್ಜ ಅಜ್ಜಿಗೆ ಅದನ್ನೇ ಮಾಡಬೇಕೆಂದು ತಂಗಿಯ ಮಕ್ಕಳು ಹಟ ಹಿಡಿದಿದ್ದಾರೆ.

ಮೊದಲು ನನಗೆ ಮನಸ್ಸಿರಲಿಲ್ಲ. ಆಮೇಲೆ ಒಂದು ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮನನ್ನು ನೋಡುತ್ತಾ ನಿಂತೆ. ನೀರುದೋಸೆ ಹೊಯ್ಯುತ್ತಿದ್ದರು. ಒಂದು ಎಬ್ಬಿಸುವುದು, ಮಡಚುವುದು, ಹೊರಗೆ ಕಳಿಸುವುದು, ಮತ್ತೆ ಹೊಯ್ಯುವುದು. ನಾವೆಲ್ಲ ತಿಂದು ಎದ್ದ ಮೇಲೆ ತಣ್ಣಗಾಗಿದ್ದ ಎರಡನ್ನು ನಿಂತಲ್ಲೇ ತಿಂದರು. ಈ 40 ವರ್ಷಗಳಲ್ಲಿ ಅವರು ಕಾವಲಿಯಿಂದ ಇಳಿದ ದೋಸೆಯನ್ನು ಬಿಸಿಯಾಗಿ ತಿಂದದ್ದು ಎಷ್ಟು ಸಲವಿರಬಹುದು? ಹಾಗಾಗಿ ಈಗ ನನಗೂ ಅದೇ ಬೇಕು. ಅಮ್ಮ ಕಾವಲಿಯ ಈಚೆ ಬದಿಯಲ್ಲಿ ಕುಳಿತಿರಬೇಕು, ಬೇರೆ ಯಾರೋ ಆಚೆ ನಿಂತು ಬಡಿಸಬೇಕು.

ಅತಿಥಿಗಳು 45 ಮಂದಿ. ಹೆಂಡತಿಯ ತವರಿನವರು ಉಡುಪಿಯವರು, ಸಸ್ಯಾಹಾರಿಗಳು. ಅವರಲ್ಲಿ ಇಬ್ಬರು ಹಿರಿಯರು ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಅಂಗಳ ದೊಡ್ಡದಿದೆ. ಹಂಚಿನ ಮಾಡು, ಒಂದು ಬದಿಗೆ ಬಾವಿ, ನಡುವೆ ಮಾವಿನ ಮರ. ಒಲೆ, ತಟ್ಟೆ, ಮೀನು, ಅನ್ನ, ಏನು ಗೊತ್ತಿದ್ದರೂ ತಿಳಿಸಿ.

ಕುಂದಾಪುರದಿಂದ ಕೋಬೆ

ನಾನು ಆರು ವರ್ಷ ಜಪಾನಿನ ಕೋಬೆ ನಗರದಲ್ಲಿ ಕೆಲಸದಲ್ಲಿದ್ದೆ. ಮೊದಲು ಹೆಸರಿನ ಮಾತು, ಏಕೆಂದರೆ ಯಾವ ಒಲೆ ಬೇಕೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಜಪಾನಿನಲ್ಲಿ ಹಿಬಾಚಿ ಎಂದರೆ ಅಡುಗೆಯ ಒಲೆ ಅಲ್ಲ. ಬೂದಿ ತುಂಬಿದ ದೊಡ್ಡ ಬೋಗುಣಿಯಲ್ಲಿ ಇದ್ದಿಲ ಕೆಂಡವಿಟ್ಟು ಚಳಿಗೆ ಕೈಕಾಯಿಸಿಕೊಳ್ಳುವ ಸಾಧನ ಅದು. ಹೆಚ್ಚೆಂದರೆ ಮೇಲೆ ಒಂದು ನೀರಿನ ಕೆಟಲ್ ಕೂರಿಸುತ್ತಾರೆ. ಕನ್ನಡದಲ್ಲಿ ಅಗ್ಗಿಷ್ಟಿಕೆ ಎಂಬ ಮಾತು ಇದೆಯಲ್ಲ, ಹೆಚ್ಚುಕಡಿಮೆ ಅದೇ. ಹಿ ಎಂದರೆ ಬೆಂಕಿ, ಹಾಚಿ ಎಂದರೆ ಬೋಗುಣಿ. ಎರಡು ಕೂಡಿದಾಗ ಹಕಾರ ಬಕಾರವಾಗುತ್ತದೆ, ನಮ್ಮಲ್ಲಿ ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದಂತೆ. ಆ ಭಾಷೆಯಲ್ಲೂ ಆದೇಶ ಸಂಧಿಯಂಥದ್ದು ಇದೆ ಎಂದು ತಿಳಿದ ದಿನ ನನಗಾದ ಸಂತೋಷ ಇಂದಿಗೂ ನೆನಪಿದೆ.

ನಿಮ್ಮ ತಂಗಿಯ ಮಕ್ಕಳು ಹೇಳುತ್ತಿರುವುದು ತೆಪ್ಪನ್‌ಯಾಕಿ. ತೆಪ್ಪನ್ ಎಂದರೆ ಕಬ್ಬಿಣದ ಹಲಗೆ, ಯಾಕಿ ಎಂದರೆ ಸುಡುವುದು, ಹುರಿಯುವುದು. ಈ ಬಗೆಯ ಊಟದ ಮನೆಯನ್ನು 1945ರಲ್ಲಿ ಕೋಬೆಯಲ್ಲಿ ಶುರು ಮಾಡಿದ್ದು ಮಿಸೊನೊ ಎಂಬ ಹೋಟೆಲು. ಅಮೆರಿಕದಲ್ಲಿ ಅದನ್ನು ಮನೆಮಾತಾಗಿಸಿದ್ದು ರಾಕಿ ಅವೊಕಿ 1964ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಬೆನಿಹಾನಾ. ಸಟ್ಟುಗ ತಿರುಗಿಸುವುದು, ಈರುಳ್ಳಿಯ ಜ್ವಾಲಾಮುಖಿ ಎಬ್ಬಿಸುವುದು, ಇವೆಲ್ಲ ಅಲ್ಲಿ ಬೆಳೆದ ಆಟಗಳು. ಕೋಬೆಯಲ್ಲಿ ನಾನು ಕಂಡ ಬಾಣಸಿಗರು ಮಾತೇ ಆಡುತ್ತಿರಲಿಲ್ಲ. ಮಾಂಸದ ತುಂಡನ್ನು ನೋಡುತ್ತಾ ನಿಲ್ಲುತ್ತಿದ್ದರು, ಸಮಯ ಬಂದಾಗ ಒಮ್ಮೆ ಮಗುಚುತ್ತಿದ್ದರು, ಅಷ್ಟೇ.

ಆದ್ದರಿಂದ ಇದ್ದಿಲಿನ ಒಲೆಗಾಗಿ ಅಲೆಯಬೇಡಿ. ನಿಮಗೆ ಬೇಕಾದದ್ದು ದಪ್ಪ ಕಾವಲಿ ಮತ್ತು ಹದವಾದ ಉರಿ. ನಿಮ್ಮ ಅಮ್ಮನ ದೋಸೆ ಕಾವಲಿಗೂ ತೆಪ್ಪನ್‌ಗೂ ಗಾತ್ರ ಬಿಟ್ಟರೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ಮೂಡುಬಿದಿರೆ ಅಡುಗೆ ತಂಡ

ಸಮಾರಂಭಗಳ ಅಡುಗೆ ನಮ್ಮ ಕಸುಬು, ಹಾಗಾಗಿ ನೇರವಾಗಿ ಹೇಳುತ್ತೇನೆ. 45 ಜನಕ್ಕೆ ಒಂದು ತಟ್ಟೆ ಆಗುವುದಿಲ್ಲ. ಒಂದು ಸರದಿಗೆ ಎಂಟು ಮಂದಿ, ಸರದಿಗೆ ಅರ್ಧ ಗಂಟೆ. ಏಳು ಗಂಟೆಗೆ ಶುರು ಮಾಡಿದರೆ ಕೊನೆಯ ಪಂಕ್ತಿ ಕೂರುವುದು ಒಂಬತ್ತೂವರೆಗೆ. ಮಧುಮೇಹ ಇರುವ ಹಿರಿಯರನ್ನು ಅಲ್ಲಿಯವರೆಗೆ ಹಸಿದು ಕೂರಿಸಬಾರದು. ಮೊದಲೇ ಎಲ್ಲ ಹುರಿದು ಪಾತ್ರೆಗಳಲ್ಲಿ ಇಟ್ಟು ಬಫೆ ಮಾಡಿ, ಬಾಣಸಿಗ ಎದುರಿಗೆ ಸ್ವಲ್ಪ ಹೊತ್ತು ಕೈಚಳಕ ತೋರಿಸಲಿ.

ಬಿಜೈ ಅಂಗಳ

ನಿಮ್ಮ ಲೆಕ್ಕ ಸರಿ, ಅದನ್ನು ನಾನು ಯೋಚಿಸಿರಲಿಲ್ಲ. ಆದರೆ ಬಫೆಗೆ ನಾನು ಒಪ್ಪುವುದಿಲ್ಲ. ಪಾತ್ರೆಯಲ್ಲಿ ಇಟ್ಟ ಸೀಗಡಿ ಹತ್ತು ನಿಮಿಷಕ್ಕೆ ರಬ್ಬರಾಗುತ್ತದೆ. ಬಿಸಿಯಾಗಿ ಕೈಗೆ ಸಿಗಬೇಕೆಂಬ ಒಂದೇ ಕಾರಣಕ್ಕೆ ಇಷ್ಟೆಲ್ಲ ಮಾಡುತ್ತಿರುವುದು. ಜನರನ್ನೇ ಕಡಿಮೆ ಮಾಡುತ್ತೇನೆ. ಸಂಜೆಗೆ 28 ಮಂದಿ, ಉಳಿದವರಿಗೆ ಮರುದಿನ ಮಧ್ಯಾಹ್ನ ಬಾಳೆಲೆ ಊಟ. ಎರಡು ತಟ್ಟೆ ಮಾಡಿಸೋಣ, ಒಂದು ಸಸ್ಯಾಹಾರಕ್ಕೆ.

ಯೆಯ್ಯಾಡಿ ವೆಲ್ಡಿಂಗ್

ಎರಡು ತಟ್ಟೆ ಒಳ್ಳೆಯ ನಿರ್ಧಾರ. ನಾನು ಇಂಥದ್ದು ನಾಲ್ಕು ಮಾಡಿಕೊಟ್ಟಿದ್ದೇನೆ. ನಮ್ಮ ಯೆಯ್ಯಾಡಿಯಲ್ಲಾಗಲಿ ಬೈಕಂಪಾಡಿಯಲ್ಲಾಗಲಿ ಯಾವ ವರ್ಕ್‌ಶಾಪಿನವರಾದರೂ ಮಾಡಬಲ್ಲರು, ಆದರೆ ಹೇಳಿ ಮಾಡಿಸಬೇಕು.

ಮೈಲ್ಡ್ ಸ್ಟೀಲ್ 10 ಮಿಲಿಮೀಟರ್ ದಪ್ಪ ಇರಲಿ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲದ ತಟ್ಟೆ ಸುಮಾರು 33 ಕಿಲೋ ತೂಗುತ್ತದೆ. ಎತ್ತಲು ಇಬ್ಬರು ಬೇಕು. 6 ಮಿಲಿಮೀಟರ್ ತೆಗೆದುಕೊಂಡರೆ 20 ಕಿಲೋ ಆಗುತ್ತದೆ, ಎತ್ತುವುದು ಸುಲಭ, ಆದರೆ ತಣ್ಣನೆಯ ಕೋಳಿ ಬಿದ್ದ ಕೂಡಲೇ ಕಾವು ಇಳಿದುಬಿಡುತ್ತದೆ. ಆ ತೂಕವೇ ಕಾವಿನ ಉಗ್ರಾಣ. ಸತು ಲೇಪಿಸಿದ ತಗಡನ್ನು, ಅಂದರೆ ಜಿಐ ಶೀಟನ್ನು, ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಅತಿಯಾಗಿ ಕಾದರೆ ಸತುವಿನ ಹೊಗೆ ಬರುತ್ತದೆ, ಅದು ವಿಷ.

ಕಾಲುಗಳನ್ನು ತಟ್ಟೆಗೆ ವೆಲ್ಡ್ ಮಾಡಿಸಬೇಡಿ. ಮೂರು ಅಡಿ ಕಬ್ಬಿಣ ಇನ್ನೂರು ಡಿಗ್ರಿ ಕಾದರೆ 2 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಬಿಗಿದು ಕಟ್ಟಿದರೆ ನಡುವೆ ಉಬ್ಬಿ ಎಣ್ಣೆಯೆಲ್ಲ ಅಂಚಿಗೆ ಹರಿಯುತ್ತದೆ. ಆ್ಯಂಗಲ್ ಚೌಕಟ್ಟು ಮಾಡಿ ಅದರ ಮೇಲೆ ತಟ್ಟೆಯನ್ನು ಸುಮ್ಮನೆ ಕೂರಿಸಿ. ಬಾಣಸಿಗನ ಬದಿಗೆ ಜಿಡ್ಡು ಇಳಿಯಲು ಸಣ್ಣ ಚರಂಡಿ, ಅತಿಥಿಗಳ ಬದಿಗೆ ಎರಡು ಇಂಚಿನ ತಡೆ. ಅಡಿಯಲ್ಲಿ ಮೂರು ಬರ್ನರ್.

ಹೊಸ ಉಕ್ಕಿನ ಮೇಲೆ ನೀಲಿಗಪ್ಪು ಪೊರೆಯೊಂದು ಇರುತ್ತದೆ. ಅದನ್ನು ಪೂರ್ತಿ ಉಜ್ಜಿಸಿ ತೆಗೆಸಿ. ಆಮೇಲೆ ಪಳಗಿಸುವುದು ಹೇಗೆಂದು ನಿಮ್ಮ ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ: ತೆಳುವಾಗಿ ಎಣ್ಣೆ ಸವರಿ, ಹೊಗೆ ಬರುವ ತನಕ ಕಾಯಿಸಿ, ಆರಿಸಿ, ಮತ್ತೆ ಸವರಿ. ಮೂರು ದಿನ ಹೀಗೆ ಮಾಡಿದರೆ ಕಪ್ಪು ಮಿರುಗು ಬರುತ್ತದೆ. ಈರುಳ್ಳಿಯನ್ನು ಅಡ್ಡ ಕೊಯ್ದು ಸಟ್ಟುಗಕ್ಕೆ ಚುಚ್ಚಿ ಉಜ್ಜುವ ಕ್ರಮ ಇದೆಯಲ್ಲ, ಅದನ್ನೂ ಮಾಡಿ.

ರಥಬೀದಿ ಅಡುಗೆಮನೆ

ಸಸ್ಯಾಹಾರದ ತಟ್ಟೆಗೆ ಈರುಳ್ಳಿ ಉಜ್ಜಬೇಡಿ. ಆ ಇಬ್ಬರು ಹಿರಿಯರಿಗೆ ಅದು ಮುಟ್ಟದ ವಸ್ತುವಾದರೆ ಪಳಗಿಸುವಾಗಲೂ ಅದು ತಗುಲಬಾರದು. ಬಾಳೆದಿಂಡಿನ ತುಂಡನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ, ಸಾಕು. ಸಟ್ಟುಗ, ಇಕ್ಕಳ, ಎಣ್ಣೆಯ ಪಾತ್ರೆ, ಬಟ್ಟೆ ಎಲ್ಲವೂ ಬೇರೆ ಇರಲಿ, ಬಾಣಸಿಗನೂ ಬೇರೆ ಇರಲಿ. ಎರಡು ತಟ್ಟೆಗಳ ನಡುವೆ ಎಣ್ಣೆ ಸಿಡಿದರೂ ತಲುಪದಷ್ಟು ದೂರ ಬಿಡಿ. ಹಿರಿಯರು ಬಾಯಿ ಬಿಟ್ಟು ಕೇಳುವುದಿಲ್ಲ. ಅನುಮಾನ ಬಂದರೆ ಹಸಿವಿಲ್ಲ ಎಂದು ಎದ್ದುಬಿಡುತ್ತಾರೆ. ಹೊಸ ತಟ್ಟೆಯನ್ನು ಅವರಿಗಾಗಿಯೇ ಮಾಡಿಸಿದ್ದೆಂದು ಮೊದಲೇ ನೀವೇ ಹೋಗಿ ಹೇಳಿ ಬನ್ನಿ. ಅದು ನಿಮ್ಮ ಕರ್ತವ್ಯ.

ತರಕಾರಿಗೆ ಅಮೆರಿಕದವರ ಜುಕಿನಿ ಹುಡುಕಬೇಕಿಲ್ಲ. ನಮ್ಮ ಮಟ್ಟುಗುಳ್ಳ ಇದೆ. ಸೋದೆ ಮಠದ ವಾದಿರಾಜ ಗುರುಗಳ ಪ್ರಸಾದದ ಬೀಜ ಎಂದು ಮಟ್ಟುವಿನವರು ಇಂದಿಗೂ ಭಕ್ತಿಯಿಂದ ಬೆಳೆಯುವ ಬದನೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಸಿಪ್ಪೆ ತೆಳು, ತಿರುಳು ಮೃದು. ಅರ್ಧ ಇಂಚಿನ ಬಿಲ್ಲೆ ಮಾಡಿ, ಕೊಯ್ದ ಕೂಡಲೇ ನೀರಿಗೆ ಹಾಕಿ, ಒರೆಸಿ, ತಟ್ಟೆಯ ಮೇಲೆ ಎರಡೂ ಬದಿ ಕೆಂಪಾಗಿಸಿ. ಮೇಲೆ ಸೋಯಾ ಸಾಸ್, ಶುಂಠಿ ರಸ, ಚೂರು ಬೆಲ್ಲ. ಜಪಾನಿನವರೂ ಬದನೆಯನ್ನು ಹೀಗೆ ಪ್ರೀತಿಯಿಂದ ತಿನ್ನುತ್ತಾರೆಂದು ಕೇಳಿ ನನಗೆ ತುಂಬಾ ಖುಷಿಯಾಗಿತ್ತು. ಜೊತೆಗೆ ಎಲೆಕೋಸು, ಕ್ಯಾರೆಟ್, ದೊಣ್ಣೆಮೆಣಸು, ಪನೀರ್. ಸೋಯಾ ಸಾಸಿನ ಬಾಟಲಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ. ಕೆಲವಕ್ಕೆ ಬೆಳ್ಳುಳ್ಳಿ ಸೇರಿಸಿರುತ್ತಾರೆ. ಸಾಮಾನ್ಯ ಸೋಯಾ ಸಾಸಿನಲ್ಲಿ ಗೋಧಿಯೂ ಇರುತ್ತದೆ, ಗೋಧಿ ಒಗ್ಗದವರಿದ್ದರೆ ನೆನಪಿಡಿ.

ಮಲ್ಪೆ ದಕ್ಕೆ

ಡಿಸೆಂಬರ್ ಆದ್ದರಿಂದ ಮೀನಿನ ಚಿಂತೆ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಕೇಳಿದ್ದರೆ ಬೇರೆಯೇ ಉತ್ತರ ಕೊಡುತ್ತಿದ್ದೆ.

ಸೀಗಡಿ ದೊಡ್ಡದಿರಲಿ, ಕಿಲೋಗೆ 30ರಿಂದ 40 ಬರುವಂಥದ್ದು. ತಲೆ, ಸಿಪ್ಪೆ, ಬೆನ್ನಿನ ನರ ತೆಗೆದ ಮೇಲೆ ತೂಕ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆ ಲೆಕ್ಕ ಇಟ್ಟುಕೊಂಡು ಕೊಳ್ಳಿ. ಅಂಜಲ್ ಮೀನನ್ನು ಮುಳ್ಳು ತೆಗೆಸಿ ದಪ್ಪ ತುಂಡು ಮಾಡಿಸಿ. ತವಾ ಫ್ರೈಗೆ ಕೊಯ್ಯುವಷ್ಟು ತೆಳು ಬೇಡ. ಬೊಂಡಾಸ್, ಅಂದರೆ ಸ್ಕ್ವಿಡ್, ಇಷ್ಟವಿದ್ದರೆ ಸ್ವಲ್ಪ ತನ್ನಿ, ಆದರೆ ಎರಡು ನಿಮಿಷ ಮೀರಿದರೆ ಅದು ಚರ್ಮವೇ. ಬೆಳಿಗ್ಗೆ ತಂದದ್ದನ್ನು ಮನೆ ತಲುಪುವ ತನಕ ಐಸಿನಿಂದ ಮೇಲೆತ್ತಬೇಡಿ, ಮತ್ತು ಮಸಾಲೆ ಮೆತ್ತಬೇಡಿ. ನಮ್ಮ ಕೆಂಪು ಮಸಾಲೆ ಅಷ್ಟು ಕಾವಿನಲ್ಲಿ ಮೊದಲು ಸೀದು ಕಹಿಯಾಗುತ್ತದೆ, ಒಳಗಿನ ಮೀನು ಆಮೇಲೆ ಬೇಯುತ್ತದೆ. ಉಪ್ಪು, ಕರಿಮೆಣಸು, ಕೊನೆಗೆ ಬೆಣ್ಣೆ. ಸೀಗಡಿ ಬಾಗಿ ಕುಡುಗೋಲಿನಂತಾದಾಗ ತೆಗೆಯಿರಿ. ಬಳೆಯಂತೆ ಸುತ್ತಿಕೊಂಡರೆ ಹೊತ್ತು ಮೀರಿದೆ ಎಂದರ್ಥ.

ಕಟಪಾಡಿ ಮಳೆ

ಬಯಲಿನಲ್ಲಿ ಮಾಡುತ್ತಿದ್ದೀರಿ ಎಂದು ಓದಿ ಸಮಾಧಾನವಾಯಿತು. ನಮಗಾದದ್ದನ್ನು ಹೇಳಲೇಬೇಕು.

ಮೂರು ವರ್ಷದ ಹಿಂದೆ ಜುಲೈಯಲ್ಲಿ ಮಗಳ ಹುಟ್ಟುಹಬ್ಬಕ್ಕೆ ಗೆರಟೆ ಇದ್ದಿಲಿನ ಒಲೆ ಹಚ್ಚಿದೆವು. ಮಳೆ ಜೋರಾದಾಗ ಒಲೆಯನ್ನು ಜಗಲಿಗೆ ತಂದೆವು, ಇರಚಲು ತಡೆಯಲು ಮೂರೂ ಕಡೆ ಟಾರ್ಪಾಲು ಇಳಿಬಿಟ್ಟೆವು. ಅರ್ಧ ಗಂಟೆಯಲ್ಲಿ ಅತ್ತೆಗೆ ತಲೆನೋವು, ಮಗುವಿಗೆ ವಾಂತಿ, ನನಗೆ ಮಂಪರು. ಎಲ್ಲರೂ ಹಸಿವು, ದಣಿವು ಎಂದುಕೊಂಡೆವು. ಹೊರಗಿನಿಂದ ಬಂದ ಪಕ್ಕದ ಮನೆಯ ನರ್ಸ್ ಒಬ್ಬರು ನೋಡಿದವರೇ ಟಾರ್ಪಾಲು ಕಿತ್ತು ಎಲ್ಲರನ್ನೂ ಮಳೆಯಲ್ಲೇ ಅಂಗಳಕ್ಕೆ ಇಳಿಸಿದರು. ಇದ್ದಿಲಿನ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಹೊಗೆ ಕಾಣುತ್ತಿಲ್ಲ ಎಂದೇ ನಾವು ನಿಶ್ಚಿಂತೆಯಿಂದಿದ್ದೆವು. ಇನ್ನೊಂದು ಗಂಟೆ ಹಾಗೆಯೇ ಕುಳಿತಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲವೇನೋ. ದಯವಿಟ್ಟು ಮಾಡಿನ ಕೆಳಗೆ, ಮುಚ್ಚಿದ ಗ್ಯಾರೇಜಿನಲ್ಲಿ ಇದ್ದಿಲು ಹಚ್ಚಬೇಡಿ.

ಯೆಯ್ಯಾಡಿ ವೆಲ್ಡಿಂಗ್

ಇವರು ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ. ಗ್ಯಾಸಿನ ಬಗ್ಗೆ ನನ್ನದೂ ಒಂದು ಮಾತು. ನಿಮ್ಮ ಅಂಗಳದಲ್ಲಿ ಬಾವಿ ಇದೆ ಎಂದಿರಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರುವುದಿಲ್ಲ, ತಗ್ಗಿಗೆ ಹರಿದು ನಿಲ್ಲುತ್ತದೆ. ಸಿಲಿಂಡರನ್ನು ಬಾವಿಕಟ್ಟೆಯ ಹತ್ತಿರವಾಗಲಿ ತಟ್ಟೆಯ ಅಡಿಯಲ್ಲಾಗಲಿ ಇಡಬೇಡಿ, ನೆಟ್ಟಗೆ ನಿಲ್ಲಿಸಿ. ಸಾಬೂನು ನೀರು ಹಚ್ಚಿ ಜೋಡಣೆಗಳನ್ನು ನೋಡಿ. ಮೇಲೆ ಶಾಮಿಯಾನದ ಬಟ್ಟೆ ಬೇಡ, ಮಾವಿನ ಕೊಂಬೆಯಿಂದಲೂ ಆಚೆ ಬನ್ನಿ. ಪುಡಿ ತುಂಬಿದ ಅಗ್ನಿಶಾಮಕ ಒಂದು, ಮರಳಿನ ಬಕೆಟ್ ಎರಡು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಬಾರದೆಂದು ಬಡಿಸುವ ಹುಡುಗರಿಗೂ ಹೇಳಿಡಿ.

ಸುರತ್ಕಲ್ ಕಡಲತಡಿ

ಬಾಣಸಿಗನನ್ನು ಗೊತ್ತು ಮಾಡುವ ಮೊದಲು ಅವರ ಕೆಲಸ ಒಮ್ಮೆ ಕಣ್ಣಾರೆ ನೋಡಿ. ನಾವು ಹೊರ ಊರಿನ ಒಂದು ತಂಡವನ್ನು ಕರೆಸಿದ್ದೆವು. ತೆಳು ಸ್ಟೀಲ್ ತಟ್ಟೆ ತಂದರು, ಎರಡು ಕಿಲೋ ಸೀಗಡಿಯನ್ನು ಒಟ್ಟಿಗೇ ಸುರಿದರು. ಕಾವು ಇಳಿದು ಸೀಗಡಿ ತನ್ನದೇ ನೀರಿನಲ್ಲಿ ಬೆಂದಿತು. ಅದರ ಮೇಲೆ, ಬಿಸಿ ಸೀಗಡಿಯನ್ನು ಸಟ್ಟುಗದಿಂದ ಅತಿಥಿಗಳ ಬಾಯಿಗೆ ಎಸೆಯುವ ಆಟ. ನನ್ನ ಮಾವನವರ ಗಲ್ಲ ಸುಟ್ಟಿತು. ಊಟಕ್ಕೆ ಕರೆದ ಹಿರಿಯರ ಮುಖಕ್ಕೆ ಅನ್ನ ಎಸೆಯುವ ಆಟವನ್ನು ನಾನು ಇನ್ನು ನನ್ನ ಮನೆಯಲ್ಲಿ ಬಿಡುವುದಿಲ್ಲ.

ಮಕ್ಕಳಿಗೆ ಜ್ವಾಲಾಮುಖಿ ಬೇಕೆಂದರೆ ಮದ್ಯ ಸುರಿದು ಬೆಂಕಿ ಹಚ್ಚುವ ಅಗತ್ಯವಿಲ್ಲ. ಈರುಳ್ಳಿ ಬಳೆಗಳನ್ನು ಗೋಪುರದಂತೆ ಪೇರಿಸಿ, ಎಣ್ಣೆ ಇಲ್ಲದ ಜಾಗದಲ್ಲಿ ಇಟ್ಟು, ನಡುವಿನ ತೂತಿಗೆ ಎರಡು ಚಮಚ ನೀರು ಬಿಡಿ. ಬುಸ್ಸೆಂದು ಆವಿ ಏಳುತ್ತದೆ. ಅಷ್ಟಕ್ಕೇ ಮಕ್ಕಳು ಕುಣಿಯುತ್ತಾರೆ.

ಬಿಜೈ ಅಂಗಳ

ನನ್ನ ಚಿಕ್ಕಪ್ಪನ ಮಗ ಹೋಟೆಲಿನಲ್ಲಿ ಅಡುಗೆಯವನು, ಅವನೂ ಅವನ ಗೆಳೆಯನೂ ಒಪ್ಪಿದ್ದಾರೆ. ಅನ್ನದ ಬಗ್ಗೆ ಮನೆಯಲ್ಲಿ ಜಗಳ ನಡೆದಿದೆ. ಅಪ್ಪನಿಗೆ ಕುಚ್ಚಲಕ್ಕಿಯೇ ಆಗಬೇಕು.

ಕುಂದಾಪುರದಿಂದ ಕೋಬೆ

ಕುಚ್ಚಲಕ್ಕಿಯಲ್ಲಿ ಅಗುಳು ಬಿಡಿಯಾಗಿ ನಿಲ್ಲುತ್ತದೆ, ಹುರಿಯಲು ಕೆಟ್ಟದ್ದೇನಲ್ಲ. ಅಪ್ಪನ ಹಬ್ಬ, ಅಪ್ಪನ ಅಕ್ಕಿ. ಒಂದು ಪಾಲು ಅದನ್ನೂ ಮಾಡಿ, ಉಳಿದದ್ದು ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ, ಇರಲಿ. 28 ಜನಕ್ಕೆ ಎರಡು ಕಿಲೋ ಅಕ್ಕಿ ಸಾಕು.

ತಂಗಳನ್ನ ಹುರಿದರೆ ರುಚಿ ಎಂದು ಹಿಂದಿನ ರಾತ್ರಿ ಅನ್ನ ಮಾಡಿ ಹೊರಗೆ ಇಡುವವರಿದ್ದಾರೆ. ನಮ್ಮ ಕರಾವಳಿಯ ಸೆಕೆಗೆ ಅದು ಅಪಾಯ. ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾದ ಬೀಜಕಗಳು ಅನ್ನದಲ್ಲಿ ಉಳಿದಿರುತ್ತವೆ. ಬೆಚ್ಚಗೆ ಬಿಟ್ಟರೆ ಅವು ಬೆಳೆದು ನಂಜು ಬಿಡುತ್ತವೆ, ಮತ್ತೆ ಹುರಿದರೂ ಆ ನಂಜು ಹೋಗುವುದಿಲ್ಲ. ಬೆಳಿಗ್ಗೆ ಬೇಯಿಸಿ, ಅಗಲ ಹರಿವಾಣಗಳಲ್ಲಿ ಹರಡಿ, ಫ್ಯಾನಿನಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ.

ಎಣ್ಣೆಗೆ ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆ. ಗಾಣದ ತೆಂಗಿನೆಣ್ಣೆ ಇಷ್ಟು ಕಾವಿಗೆ ಹೊಗೆಯಾಡುತ್ತದೆ.

ಬಿಜೈ ಅಂಗಳ

ನಿನ್ನೆ ಸಂಜೆ ಮುಗಿಯಿತು. ಇನ್ನೂ ಕೈಗೆ ಬೆಣ್ಣೆಯ ವಾಸನೆ ಇದೆ.

ತಟ್ಟೆ ಕಾಯಲು 25 ನಿಮಿಷ ಹಿಡಿಯಿತು. ಹನಿ ನೀರು ಬಿಟ್ಟರೆ ಮಣಿಯಂತೆ ಓಡಾಡಬೇಕು, ಆಗ ಶುರು ಮಾಡು ಎಂದು ಅಮ್ಮನೇ ಕುಳಿತಲ್ಲಿಂದ ಹೇಳಿದರು. ಮೊದಲ ಸರದಿಯಲ್ಲೇ ಅಪ್ಪ ಅಮ್ಮನನ್ನು ಕೂರಿಸಿದೆವು. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ, ಬಂದವರು ಮೊದಲು ತಿನ್ನಲಿ ಎಂದು ಮೂರು ಸಲ ಎದ್ದರು. ಮೊಮ್ಮಗಳು ಸೆರಗು ಹಿಡಿದು ಕೂರಿಸಿದಳು. ಸೀಗಡಿ ತಟ್ಟೆಯಿಂದ ನೇರ ಅಮ್ಮನ ತಟ್ಟೆಗೆ ಬಿತ್ತು. ಅಮ್ಮ ಊದಿ, ಬೆರಳು ಸುಟ್ಟುಕೊಂಡು, ತಿಂದರು. ಒಂದೂ ಮಾತಾಡಲಿಲ್ಲ. ಆಮೇಲೆ ಇನ್ನೆರಡು ಬೇಕೆಂದು ಕೇಳಿದರು. ನನಗೆ ನೆನಪಿರುವಂತೆ ಅಮ್ಮ ಊಟದಲ್ಲಿ ಎರಡನೇ ಸಲ ಕೇಳಿ ಹಾಕಿಸಿಕೊಂಡದ್ದು ಇದೇ ಮೊದಲು.

ಉಡುಪಿಯ ಹಿರಿಯರಿಬ್ಬರು ಮಟ್ಟುಗುಳ್ಳವನ್ನು ಮುಗಿಸಿಬಿಟ್ಟರು; ಅದರ ಎರಡನೇ ಸುತ್ತಿಗೆ ಬದನೆಯೇ ಇರಲಿಲ್ಲ. ರಥಬೀದಿಯವರೇ, ನೀವು ಹೇಳಿದಂತೆ ನಾನು ವಾರದ ಹಿಂದೆಯೇ ಹೋಗಿ ತಟ್ಟೆಯ ವಿಷಯ ತಿಳಿಸಿದ್ದೆ. ಕುಚ್ಚಲಕ್ಕಿ ಅನ್ನಕ್ಕೆ ಮಕ್ಕಳು ಮುತ್ತಿಕೊಂಡರು. ತಪ್ಪಿದ್ದು ಒಂದೇ: ಗಾಳಿ. ಏಳು ಗಂಟೆಗೆ ಪಡುಗಾಳಿ ಇತ್ತು, ಅದನ್ನು ನೋಡಿ ಕುರ್ಚಿ ಹಾಕಿದ್ದೆವು. ಒಂಬತ್ತರ ಹೊತ್ತಿಗೆ ಮೂಡುಗಾಳಿ ತಿರುಗಿ ಹೊಗೆಯೆಲ್ಲ ಎರಡನೇ ಸರದಿಯವರ ಮುಖಕ್ಕೆ. ನಮ್ಮ ಊರಿನ ಗಾಳಿ ರಾತ್ರಿ ದಿಕ್ಕು ಬದಲಿಸುತ್ತದೆಂದು ಮೀನುಗಾರರ ಮಕ್ಕಳಿಗೆ ಗೊತ್ತಿರುವುದು ನನಗೆ ಹೊಳೆಯಲಿಲ್ಲ. ಕುರ್ಚಿಗಳನ್ನು ಎತ್ತಿ ಆಚೆ ಹಾಕಿದೆವು.

ಈಗ ಒಂದು ಪ್ರಶ್ನೆ. ತೊಳೆದು ಒರಗಿಸಿಟ್ಟ ತಟ್ಟೆಯ ಮೇಲೆ ಬೆಳಿಗ್ಗೆ ನೋಡಿದರೆ ಅಲ್ಲಲ್ಲಿ ಕಂದು ಚುಕ್ಕೆ. ಫೆಬ್ರವರಿಯಲ್ಲಿ ಪಕ್ಕದ ಮನೆಯವರಿಗೆ ನಾಮಕರಣ ಇದೆ, ತಟ್ಟೆ ಬೇಕು ಎಂದಿದ್ದಾರೆ. ಏನು ಮಾಡಲಿ?

ಯೆಯ್ಯಾಡಿ ವೆಲ್ಡಿಂಗ್

ಗಾಬರಿ ಬೇಡ, ಇಲ್ಲಿನ ಉಪ್ಪುಗಾಳಿಗೆ ಒಂದೇ ರಾತ್ರಿ ಸಾಕು. ಕಲ್ಲುಪ್ಪು ಹಾಕಿ ಆಲೂಗಡ್ಡೆಯ ಹೋಳಿನಿಂದ ಉಜ್ಜಿ, ತೊಳೆದು, ಒಲೆಯ ಮೇಲಿಟ್ಟು ಪೂರ್ತಿ ಒಣಗಿಸಿ. ಬಿಸಿ ಇರುವಾಗಲೇ ಎಣ್ಣೆ ಸವರಿ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಇನ್ನೊಮ್ಮೆ ಎಣ್ಣೆ ಕಾಣಿಸಿ.